ಬೆಂಗಳೂರು ನೀಲಿ ದ್ರಾಕ್ಷಿ

ಬೆಂಗಳೂರು ನೀಲಿ ದ್ರಾಕ್ಷಿ ಅಥವಾ ಬೆಂಗಳೂರು ಬ್ಲೂ ಎಂಬುದು ಕರ್ನಾಟಕದ ಆಗ್ನೇಯ ಭಾಗದಲ್ಲಿ ಬೆಳೆಯುವ, ಬೀಜವುಳ್ಳ, ಕಡುನೇರಳೆ ಬಣ್ಣದ ಒಂದು ದ್ರಾಕ್ಷಿ ತಳಿ. ಬೆಂಗಳೂರು ಗ್ರಾಮಾಂತರ, ಬೆಂಗಳೂರು ನಗರ, ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳು ಇದರ ಮುಖ್ಯ ನೆಲೆ. ಇದನ್ನು ಹಣ್ಣಾಗಿ ತಿನ್ನುವುದಕ್ಕೂ ರಸ, ಜ್ಯಾಮ್ ಮತ್ತು ಕೆಂಪು ವೈನ್ ತಯಾರಿಕೆಗೂ ಬಳಸುತ್ತಾರೆ. ದ್ರಾಕ್ಷಿ ತಳಿಗಳ ಅಂತರರಾಷ್ಟ್ರೀಯ ಪಟ್ಟಿಗಳು ಇದನ್ನು ಅಮೆರಿಕ ಮೂಲದ ಇಸಬೆಲ್ಲಾ ತಳಿಯ ಇನ್ನೊಂದು ಹೆಸರೆಂದು ದಾಖಲಿಸಿವೆ. ಇದೇ ಇಸಬೆಲ್ಲಾ ಒಂದು ಕಾಲದಲ್ಲಿ ಫ್ರಾನ್ಸಿನ ರೈತರ ಅಚ್ಚುಮೆಚ್ಚಿನ ಬಳ್ಳಿಗಳಲ್ಲಿ ಒಂದಾಗಿದ್ದು, 1934ರಲ್ಲಿ ಅಲ್ಲಿ ಕಾನೂನಿನ ಮೂಲಕ ನಿಷೇಧಕ್ಕೆ ಒಳಗಾಯಿತು. ಬೆಂಗಳೂರಿನ ತಳಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಹೆಸರು

ಹೆಸರಿನಲ್ಲಿ ನೀಲಿ ಎಂದಿದ್ದರೂ ಹಣ್ಣು ನೀಲಿಯಲ್ಲ. ಮಾಗಿದ ಹಣ್ಣಿನ ಸಿಪ್ಪೆ ಬಹುಮಟ್ಟಿಗೆ ಕಪ್ಪೆನ್ನಬಹುದಾದ ನೇರಳೆ. ಅದರ ಮೇಲೆ ಬೂದಿ ಸವರಿದಂತೆ ಕಾಣುವ ತೆಳುವಾದ ಮೇಣದ ಪದರವಿರುತ್ತದೆ. ಈ ಪದರದ ಮೂಲಕ ನೋಡಿದಾಗ ಗೊಂಚಲಿಗೆ ನೀಲಿಯ ಛಾಯೆ ಬರುತ್ತದೆ. ಬೆರಳಿನಿಂದ ಒರೆಸಿದರೆ ಪದರ ಅಳಿದು ಕಪ್ಪು ಹೊಳೆಯುತ್ತದೆ. ಬೆಂಗಳೂರಿನ ತಳ್ಳುಗಾಡಿಗಳಲ್ಲಿ ಮತ್ತು ಸಂತೆಗಳಲ್ಲಿ ಇದಕ್ಕೆ ಕಪ್ಪು ದ್ರಾಕ್ಷಿ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಇತ್ತೀಚೆಗೆ ಮಾರುಕಟ್ಟೆಗೆ ಬರುವ ಬೀಜರಹಿತ ಕಪ್ಪು ತಳಿಗಳನ್ನೂ ಅದೇ ಹೆಸರಿನಿಂದ ಕರೆಯುವುದರಿಂದ ಕೊಳ್ಳುವವರಿಗೆ ಗೊಂದಲವಾಗುವುದುಂಟು. ಮೂಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಬೀಜರಹಿತ ತಳಿಗಳಿಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಬೆಂಗಳೂರು ನೀಲಿಯ ವಾಸನೆಯಾದರೋ ಗೊಂಚಲು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಮುಟ್ಟುತ್ತದೆ.

ಇಸಬೆಲ್ಲಾ ತಳಿಗೆ ಜಗತ್ತಿನ ಬೇರೆಬೇರೆ ಕಡೆ ಬೇರೆಬೇರೆ ಹೆಸರುಗಳಿವೆ. ಇಟಲಿಯಲ್ಲಿ ಅದು ಊವಾ ಫ್ರಾಗೋಲಾ, ಅಂದರೆ ಸ್ಟ್ರಾಬೆರಿ ದ್ರಾಕ್ಷಿ. ಬ್ರೆಜಿಲಿನಲ್ಲಿ ಇಸಬೆಲ್. ಫ್ರಾನ್ಸಿನಲ್ಲಿ ಇಸಬೆಲ್ ಎಂಬ ಹೆಸರಿನ ಜೊತೆಗೆ ಕಪ್ಪು ಕರಂಟ್ ಹಣ್ಣಿನ ವಾಸನೆಯನ್ನು ಸೂಚಿಸುವ ರೆಝಾನ್ ದ ಕಾಸಿಸ್ ಎಂಬ ಹೆಸರೂ ಇತ್ತು.

ಸಸ್ಯ ಮತ್ತು ಹಣ್ಣಿನ ಲಕ್ಷಣಗಳು

ಜಗತ್ತಿನ ಹೆಸರಾಂತ ವೈನ್ ದ್ರಾಕ್ಷಿಗಳೆಲ್ಲ ಯುರೋಪು ಮತ್ತು ಪಶ್ಚಿಮ ಏಷ್ಯಾ ಮೂಲದ ವೈಟಿಸ್ ವಿನಿಫೆರಾ ಪ್ರಭೇದಕ್ಕೆ ಸೇರಿದವು. ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್, ಮೆರ್ಲೊ ಇವುಗಳಿಗೆ ಉದಾಹರಣೆ. ಒಣದ್ರಾಕ್ಷಿ ಮಾಡುವ ಥಾಮ್ಸನ್ ಸೀಡ್‌ಲೆಸ್ ಕೂಡ ಅದೇ ಪ್ರಭೇದದ್ದು. ಬೆಂಗಳೂರು ನೀಲಿಯಲ್ಲಿ ಉತ್ತರ ಅಮೆರಿಕದ ಕಾಡುದ್ರಾಕ್ಷಿಯಾದ ವೈಟಿಸ್ ಲಬ್ರುಸ್ಕಾದ ಅಂಶ ಪ್ರಧಾನವಾಗಿದೆ. ಇದು ಲಬ್ರುಸ್ಕಾ ಮತ್ತು ವಿನಿಫೆರಾ ಪ್ರಭೇದಗಳ ಸಹಜ ಮಿಶ್ರಣದಿಂದ ಹುಟ್ಟಿದ ತಳಿ ಎಂದು ತೋಟಗಾರಿಕಾ ಗ್ರಂಥಗಳು ವರ್ಣಿಸುತ್ತವೆ.

ಬಳ್ಳಿ ಬಹಳ ಹುಲುಸಾಗಿ ಬೆಳೆಯುತ್ತದೆ. ಗೊಂಚಲು ಚಿಕ್ಕದರಿಂದ ಮಧ್ಯಮ ಗಾತ್ರದ್ದು, ಹಣ್ಣು ಸಣ್ಣದು, ತುಸು ಅಂಡಾಕಾರದ್ದು. ಬೆರಳುಗಳ ನಡುವೆ ಒತ್ತಿದರೆ ತಿರುಳು ಇಡಿಯಾಗಿ ಸಿಪ್ಪೆಯಿಂದ ಜಾರಿ ಹೊರಬರುತ್ತದೆ. ಲಬ್ರುಸ್ಕಾ ವಂಶದ ದ್ರಾಕ್ಷಿಗಳನ್ನು ಗುರುತಿಸಲು ಇದಕ್ಕಿಂತ ಸುಲಭವಾದ ಪರೀಕ್ಷೆ ಬೇರಿಲ್ಲ. ತಿರುಳು ಲೋಳೆಯಂತಿದ್ದು ಬೀಜಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಸಿಪ್ಪೆಯ ಬಳಿಯ ರಸ ಸಿಹಿ, ಬೀಜದ ಬಳಿಯದು ಹುಳಿ. ಹೀಗಾಗಿ ಒಂದೇ ಹಣ್ಣಿನಲ್ಲಿ ಎರಡು ರುಚಿ.

ಇದರ ಪರಿಮಳಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕ. ಮಿಠಾಯಿ ಮತ್ತು ತಂಪು ಪಾನೀಯಗಳಲ್ಲಿ ಕೃತಕ ದ್ರಾಕ್ಷಿ ಪರಿಮಳ ಎಂದು ಬಳಸುವುದು ಇದನ್ನೇ. ಯುರೋಪಿನ ವೈನ್ ರಸಿಕರು ಈ ವಾಸನೆಯನ್ನು ನರಿಯ ವಾಸನೆ ಎಂದು ಹಳಿದರು, ಲಬ್ರುಸ್ಕಾಕ್ಕೆ ನರಿ ದ್ರಾಕ್ಷಿ ಎಂಬ ಅಡ್ಡಹೆಸರೂ ಇದೆ. ದಕ್ಷಿಣ ಕರ್ನಾಟಕದ ಮಕ್ಕಳಿಗೆ ಮಾತ್ರ ದ್ರಾಕ್ಷಿ ಎಂದರೆ ಈ ವಾಸನೆಯೇ.

ಹಣ್ಣಿನಲ್ಲಿ ಕರಗಿರುವ ಘನಪದಾರ್ಥ, ಬಹುಪಾಲು ಸಕ್ಕರೆ, ಸಾಮಾನ್ಯವಾಗಿ 16ರಿಂದ 18 ಡಿಗ್ರಿ ಬ್ರಿಕ್ಸ್. ವೈನಿಗಾಗಿ ಬೆಳೆಯುವ ಫ್ರೆಂಚ್ ಕೆಂಪು ತಳಿಗಳನ್ನು 22ರಿಂದ 24 ಡಿಗ್ರಿ ತಲುಪಿದ ಮೇಲೆ ಕೊಯ್ಯುತ್ತಾರೆ. ಈ ಅಂತರವೇ ಈ ತಳಿಯ ವೈನಿನ ಗುಣವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಇಸಬೆಲ್ಲಾದ ಪ್ರಯಾಣ ಮತ್ತು ಫ್ರಾನ್ಸಿನ ನಿಷೇಧ

ಇಸಬೆಲ್ಲಾ ತಳಿ ಅಮೆರಿಕದ ದಕ್ಷಿಣ ಕ್ಯಾರೊಲೈನಾದಿಂದ ಬಂದದ್ದೆಂದು ನಂಬಲಾಗಿದೆ. ನ್ಯೂಯಾರ್ಕಿನ ಸಸ್ಯ ವ್ಯಾಪಾರಿ ವಿಲಿಯಂ ಪ್ರಿನ್ಸ್ 1816ರಲ್ಲಿ ಇದನ್ನು ಬೆಳಕಿಗೆ ತಂದನು. ಬ್ರೂಕ್ಲಿನ್‌ನಲ್ಲಿ ಈ ಬಳ್ಳಿಯನ್ನು ಬೆಳೆಸಿದ್ದ ಇಸಬೆಲ್ಲಾ ಗಿಬ್ಸ್ ಎಂಬ ಮಹಿಳೆಯ ಹೆಸರನ್ನೇ ತಳಿಗೆ ಇಡಲಾಯಿತು.

19ನೇ ಶತಮಾನದ ಮಧ್ಯಭಾಗದಲ್ಲಿ ಬೂದಿ ರೋಗ ಯುರೋಪಿನ ದ್ರಾಕ್ಷಿ ತೋಟಗಳನ್ನು ಹಾಳುಗೆಡವಿತು. ಇಸಬೆಲ್ಲಾ ಈ ರೋಗವನ್ನು ಚೆನ್ನಾಗಿ ತಡೆದುಕೊಂಡದ್ದರಿಂದ ಫ್ರಾನ್ಸ್, ಇಟಲಿ, ಪೋರ್ಚುಗಲ್ ದೇಶಗಳ ರೈತರು ಅದನ್ನು ತರಿಸಿ ನೆಟ್ಟರು. ಆದರೆ ಅಮೆರಿಕದಿಂದ ಬಂದ ಬಳ್ಳಿಗಳ ಬೇರುಗಳ ಜೊತೆಗೆ ಫಿಲಾಕ್ಸೆರಾ ಎಂಬ ಸೂಕ್ಷ್ಮ ಹೇನೂ ಬಂದಿತು. 1860ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಕಾಣಿಸಿಕೊಂಡ ಈ ಕೀಟ ಮುಂದಿನ ಕೆಲವು ದಶಕಗಳಲ್ಲಿ ಆ ದೇಶದ ದ್ರಾಕ್ಷಿ ಬೇಸಾಯವನ್ನೇ ಬುಡಮೇಲು ಮಾಡಿತು. ಅಮೆರಿಕದ ಬೇರುಸಸಿಗಳ ಮೇಲೆ ಯುರೋಪಿನ ತಳಿಗಳನ್ನು ಕಸಿಮಾಡುವುದು ಕೊನೆಗೆ ಕಂಡುಕೊಂಡ ಪರಿಹಾರ. ಕಸಿ ಮಾಡುವ ಖರ್ಚು ಭರಿಸಲಾಗದ ಸಣ್ಣ ರೈತರು, ವಿಶೇಷವಾಗಿ ಸೆವೆನ್ ಮತ್ತು ಆರ್ಡೆಶ್ ಬೆಟ್ಟಪ್ರದೇಶಗಳವರು, ಇಸಬೆಲ್ಲಾದಂಥ ಗಟ್ಟಿ ಬಳ್ಳಿಗಳನ್ನು ಚಪ್ಪರಕ್ಕೆ ಹಬ್ಬಿಸಿ ಮನೆಬಳಕೆಯ ವೈನ್ ಮಾಡಿಕೊಳ್ಳುತ್ತಿದ್ದರು.

1930ರ ದಶಕದಲ್ಲಿ ಫ್ರಾನ್ಸಿನಲ್ಲಿ ವೈನಿನ ಉತ್ಪಾದನೆ ಬೇಡಿಕೆಯನ್ನು ಮೀರಿ ಬೆಲೆ ಕುಸಿಯಿತು. 1934ರ ಡಿಸೆಂಬರ್ 24ರ ಕಾನೂನು ಇಸಬೆಲ್ಲಾ, ನೋವಾ, ಒಥೆಲ್ಲೊ, ಜಾಕೆಝ್, ಕ್ಲಿಂಟನ್ ಮತ್ತು ಎರ್ಬೆಮೋಂ ಎಂಬ ಆರು ತಳಿಗಳನ್ನು ನಿಷೇಧಿಸಿತು. ಇವುಗಳ ವೈನಿನಲ್ಲಿ ಮೆಥನಾಲ್ ಹೆಚ್ಚು, ಕುಡಿದವರಿಗೆ ಬುದ್ಧಿಭ್ರಮಣೆಯಾಗುತ್ತದೆ ಎಂಬ ಪ್ರಚಾರವೂ ನಡೆಯಿತು. ಲಬ್ರುಸ್ಕಾ ವಂಶದ ಹಣ್ಣುಗಳಲ್ಲಿ ಪೆಕ್ಟಿನ್ ಅಧಿಕವಾಗಿರುವುದರಿಂದ ಮೆಥನಾಲ್ ಸ್ವಲ್ಪ ಹೆಚ್ಚು ಉಂಟಾಗುವುದು ನಿಜ. ಆದರೆ ಅದು ಹುಚ್ಚು ಹಿಡಿಸುವಷ್ಟು ಎಂಬುದಕ್ಕೆ ಆಧಾರವಿಲ್ಲ. ಮಾರುಕಟ್ಟೆಯಲ್ಲಿ ತುಂಬಿ ತುಳುಕುತ್ತಿದ್ದ ವೈನನ್ನು ಕಡಿಮೆ ಮಾಡುವುದೇ ಕಾನೂನಿನ ನಿಜವಾದ ಉದ್ದೇಶವಾಗಿತ್ತು ಎಂಬುದು ಹೆಚ್ಚು ಒಪ್ಪತಕ್ಕ ವಿವರಣೆ. ಯುರೋಪಿಯನ್ ಒಕ್ಕೂಟದ 2013ರ ನಿಯಮಾವಳಿಯೂ ಈ ಆರು ತಳಿಗಳ ಹೆಸರನ್ನು ಹೇಳಿಯೇ ಅವುಗಳನ್ನು ವೈನ್ ದ್ರಾಕ್ಷಿಗಳ ವರ್ಗದಿಂದ ಹೊರಗಿಟ್ಟಿದೆ. ಇದಕ್ಕೆ ತದ್ವಿರುದ್ಧವಾಗಿ ಬ್ರೆಜಿಲಿನ ದಕ್ಷಿಣ ಭಾಗದಲ್ಲಿ ದಿನಬಳಕೆಯ ವೈನಿಗೂ ದ್ರಾಕ್ಷಿ ರಸಕ್ಕೂ ಇದು ಇಂದಿಗೂ ಪ್ರಧಾನ ತಳಿ.

ಬೆಂಗಳೂರು ಸೀಮೆಯಲ್ಲಿ

ಬೆಂಗಳೂರಿನ ಸುತ್ತ ಈ ತಳಿಯ ಬೇಸಾಯಕ್ಕೆ ಸುಮಾರು 150 ವರ್ಷಗಳ ಚರಿತ್ರೆಯಿದೆಯೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಕಡು ಚಳಿಯಾಗಲಿ ಕಡು ಬೇಸಿಗೆಯಾಗಲಿ ಇಲ್ಲದ ಹವೆ, ನೀರು ಬಸಿದುಹೋಗುವ ಕೆಂಪು ಮಣ್ಣು ಇವು ಬಳ್ಳಿಗೆ ಹೊಂದಿದವು. ನಂದಿಬೆಟ್ಟದ ತಪ್ಪಲಿನ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ತಾಲ್ಲೂಕುಗಳಲ್ಲಿ ಬೇಸಾಯ ಹೆಚ್ಚು ದಟ್ಟವಾಯಿತು.

ಈ ಬೆಳೆಗೂ ಬೆಂಗಳೂರಿನ ಸಾರ್ವಜನಿಕ ಜೀವನಕ್ಕೂ ಇರುವ ಒಂದು ನಂಟು ಹೆಚ್ಚಿನವರಿಗೆ ತಿಳಿದಿಲ್ಲ. ನಗರದ ಬೀದಿಬೀದಿಯಲ್ಲಿ ಹಣ್ಣು ತರಕಾರಿ ಮಳಿಗೆಗಳನ್ನು ನಡೆಸುವ ಹಾಪ್‌ಕಾಮ್ಸ್ ಸಂಸ್ಥೆ ಆರಂಭವಾದದ್ದು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ತೋಟಗಾರಿಕಾ ತಜ್ಞ ಡಾ. ಎಂ. ಎಚ್. ಮರಿಗೌಡರ ಪ್ರೇರಣೆಯಿಂದ 1959ರಲ್ಲಿ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣಾ ಸಹಕಾರ ಸಂಘ ಸ್ಥಾಪನೆಯಾಯಿತು. ದಲ್ಲಾಳಿಗಳ ಕೈಯಿಂದ ಬೆಳೆಗಾರರನ್ನು ಬಿಡಿಸುವುದು ಅದರ ಗುರಿಯಾಗಿತ್ತು. ಮುಂದೆ ಇತರ ಹಣ್ಣು ತರಕಾರಿಗಳನ್ನೂ ಸೇರಿಸಿಕೊಂಡು ಸಂಘವು ಹೆಸರು ಬದಲಿಸಿಕೊಂಡಿತು. ಬೇಸಿಗೆಯ ಹೊಸ್ತಿಲಲ್ಲಿ ಅದು ನಡೆಸುವ ದ್ರಾಕ್ಷಿ ಮತ್ತು ಕಲ್ಲಂಗಡಿ ಮೇಳಗಳಲ್ಲಿ ಆ ಹಳೆಯ ನೆನಪು ಉಳಿದಿದೆ.

ಬೇಸಾಯ

ಬಳ್ಳಿಯನ್ನು ಕಡ್ಡಿಗಳಿಂದ ಬೆಳೆಸುತ್ತಾರೆ. ಕಲ್ಲುಕಂಬಗಳನ್ನು ನೆಟ್ಟು, ಅವುಗಳ ತಲೆಯ ಮೇಲೆ ತಂತಿಯ ಬಲೆ ಹೆಣೆದು, ಆಳೆತ್ತರದ ಚಪ್ಪರದ ಮೇಲೆ ಹಬ್ಬಿಸುವುದು ಈ ಸೀಮೆಯ ಕ್ರಮ. ಎಲೆಗಳ ಮಾಡಿನ ಕೆಳಗೆ ಗೊಂಚಲುಗಳು ತೂಗಾಡುತ್ತವೆ. ನೆರಳಿರುವುದರಿಂದ ಬಿಸಿಲಿಗೆ ಹಣ್ಣು ಸುಡುವುದಿಲ್ಲ. ಕಲ್ಲುಕಂಬ ಮತ್ತು ತಂತಿಗೆ ತಗಲುವ ಆರಂಭದ ವೆಚ್ಚ ದೊಡ್ಡದು. ಒಮ್ಮೆ ಹಾಕಿದ ಚಪ್ಪರ ದಶಕಗಳ ಕಾಲ ಬಾಳುತ್ತದೆ. ಆದ್ದರಿಂದಲೇ ದ್ರಾಕ್ಷಿ ತೋಟವನ್ನು ರಾಗಿ ಅಥವಾ ತರಕಾರಿ ಹೊಲದಂತೆ ವರ್ಷಕ್ಕೊಮ್ಮೆ ಎಣಿಸಿ ಲೆಕ್ಕಹಾಕಲು ಬರುವುದಿಲ್ಲ.

ಶೀತ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತದೆ, ವರ್ಷಕ್ಕೆ ಒಂದೇ ಬೆಳೆ ಕೊಡುತ್ತದೆ. ಬೆಂಗಳೂರಿನ ಹವೆಯಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಯಾವಾಗ ಚಿಗುರಬೇಕೆಂದು ಬಳ್ಳಿಗೆ ತಿಳಿಸುವುದು ಋತುವಲ್ಲ, ರೈತನ ಕತ್ತರಿ. ಸವರುವಿಕೆ, ರೈತರ ಮಾತಿನಲ್ಲಿ ಪ್ರೂನಿಂಗ್, ನಡೆದ ಮೇಲೆ ಬರುವ ಹೊಸ ಚಿಗುರಿನಲ್ಲಿಯೇ ಹೂಗೊಂಚಲು ಮೂಡುತ್ತದೆ. ಬೆಂಗಳೂರು ನೀಲಿಯನ್ನು ವರ್ಷಕ್ಕೆ ಎರಡು ಬಾರಿ ಸವರಿ ಎರಡು ಬೆಳೆ ತೆಗೆಯುತ್ತಾರೆ. ಮಹಾರಾಷ್ಟ್ರದ ನಾಸಿಕ್ ಮತ್ತು ಕರ್ನಾಟಕದ ವಿಜಯಪುರದ ಕಡೆ ಎರಡು ಬಾರಿ ಸವರಿದರೂ ಒಂದೇ ಬೆಳೆ. ಅಲ್ಲಿ ಮೊದಲ ಸವರುವಿಕೆ ಕಡ್ಡಿ ಬಲಿಯಲು, ಎರಡನೆಯದು ಹಣ್ಣಿಗೆ. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಪನ್ನೀರ್ ದ್ರಾಕ್ಷಿಯಿಂದ ಎರಡು ವರ್ಷಕ್ಕೆ ಐದು ಬೆಳೆ ತೆಗೆಯುವ ರೂಢಿಯಿದೆ. ಅಕ್ಕಪಕ್ಕದ ರೈತರು ಬೇರೆಬೇರೆ ತಿಂಗಳಲ್ಲಿ ಸವರುವುದರಿಂದ ಬೆಂಗಳೂರು ಸೀಮೆಯಲ್ಲಿ ಒಂದು ತೋಟ ಹೂವಿನಲ್ಲಿರುವಾಗಲೇ ಪಕ್ಕದ ತೋಟದಲ್ಲಿ ಕೊಯ್ಲು ನಡೆದಿರುವುದನ್ನು ಕಾಣಬಹುದು.

ಈ ತಳಿ ಚಿಬ್ಬು ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಇದರ ದೌರ್ಬಲ್ಯವೆಂದರೆ ಎಲೆಯ ಅಡಿಯಲ್ಲಿ ಬಿಳಿಯ ಬೂಜಿನಂತೆ ಹರಡುವ ಡೌನಿ ಮಿಲ್ಡ್ಯೂ ರೋಗ. ಮಳೆಗಾಲದ ತೇವದಲ್ಲಿ ಇದು ಗೊಂಚಲನ್ನೇ ಒಣಗಿಸಬಲ್ಲದು. ರೈತರು ಇದಕ್ಕೆ ಸಿಂಪಡಿಸುವ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಫ್ರಾನ್ಸಿನ ಬೋರ್ಡೋ ನಗರದಲ್ಲಿ ಹುಟ್ಟಿದ್ದು. 1885ರಲ್ಲಿ ಅಲ್ಲಿನ ಸಸ್ಯವಿಜ್ಞಾನಿ ಮಿಲಾರ್ಡೆ ಇದನ್ನು ಪ್ರಕಟಪಡಿಸಿದನು. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಬಳಿದಿದ್ದ ಈ ಮಿಶ್ರಣ ರೋಗವನ್ನೂ ತಡೆದದ್ದನ್ನು ಅವನು ಗಮನಿಸಿದ್ದನು. ಬೂಜು ರೋಗವೂ ಅಮೆರಿಕದ ಬಳ್ಳಿಗಳೊಡನೆಯೇ ಫ್ರಾನ್ಸನ್ನು ಸೇರಿದ್ದು.

ಬೇಸಿಗೆಯ ಕೊನೆಯಲ್ಲಿ ಬೀಳುವ ಆಲಿಕಲ್ಲು ಮಳೆ ಇನ್ನೊಂದು ಆಪತ್ತು. ಅರ್ಧ ಗಂಟೆಯ ಆಲಿಕಲ್ಲು ಇಡೀ ಬೆಳೆಯನ್ನು ನೆಲಕ್ಕೆ ಕೆಡವುತ್ತದೆ. ನೀರಿನ ಪ್ರಶ್ನೆ ಇದಕ್ಕಿಂತ ದೀರ್ಘವಾದದ್ದು. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿದಂತೆ ದ್ರಾಕ್ಷಿ ತೋಟಗಳು ಕೊಳವೆ ಬಾವಿಗಳನ್ನೇ ನೆಚ್ಚಿದವು, ಅಂತರ್ಜಲ ಸಾವಿರ ಅಡಿಗೂ ಕೆಳಗಿಳಿಯಿತು. ಹನಿ ನೀರಾವರಿ ಈ ಭಾಗದಲ್ಲಿ ಬೇಗ ಹರಡಲು ಇದೇ ಕಾರಣ. ಬೆಂಗಳೂರಿನ ಒಳಚರಂಡಿ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆ ಯೋಜನೆ 2018ರಲ್ಲಿ ಆರಂಭವಾಯಿತು. ಇದರಿಂದ ಅಂತರ್ಜಲ ಏರಿದೆ ಎಂದು ಹಲವು ರೈತರು ಹೇಳಿದರೆ, ಮೂರನೆಯ ಹಂತದ ಶುದ್ಧೀಕರಣವಿಲ್ಲದ ನೀರು ಮಣ್ಣಿಗೂ ಬೆಳೆಗೂ ಕ್ಷೇಮವೇ ಎಂಬ ಆಕ್ಷೇಪವೂ ಇದೆ.

ವೈನ್

ಹುದುಗುವಾಗ ಪ್ರತಿ ಲೀಟರ್ ರಸದಲ್ಲಿನ ಸುಮಾರು 17 ಗ್ರಾಂ ಸಕ್ಕರೆ ಶೇಕಡ 1ರಷ್ಟು ಮದ್ಯಸಾರವಾಗುತ್ತದೆ. ಈ ಲೆಕ್ಕದಲ್ಲಿ ಬೆಂಗಳೂರು ನೀಲಿಯ ರಸದಿಂದ ತಾನಾಗಿ ಬರುವ ಮದ್ಯಸಾರ ಶೇಕಡ 9ರಿಂದ 10ರಷ್ಟು ಮಾತ್ರ. ಸಾಮಾನ್ಯ ಕೆಂಪು ವೈನಿನಲ್ಲಿ ಅದು 12ರಿಂದ 14. ಕೊರತೆಯನ್ನು ತುಂಬಲು ಸಕ್ಕರೆ ಸೇರಿಸಬೇಕು, ಇಲ್ಲವೇ ಹುದುಗಿದ ಮೇಲೆ ಮದ್ಯಸಾರ ಬೆರೆಸಬೇಕು. ಹುಳಿ ಹೆಚ್ಚಾಗಿರುವುದರಿಂದ ಸಿಹಿ ಉಳಿಸಿದರೆ ಮಾತ್ರ ರುಚಿ ಸಮವಾಗುತ್ತದೆ. ಭಾರತದಲ್ಲಿ ಪೋರ್ಟ್ ಎಂಬ ಹೆಸರಿನಿಂದ ಮಾರಾಟವಾಗುವ, ಕಡಿಮೆ ಬೆಲೆಯ ಸಿಹಿ ಕೆಂಪು ವೈನುಗಳಿಗೆ ಈ ತಳಿ ಆಧಾರವಾದದ್ದು ಹೀಗೆ. ಗೋವೆಯ ಪೋರ್ಟ್ ವೈನ್ ತಯಾರಕರೂ ಬೆಂಗಳೂರು ಸೀಮೆಯ ಹಣ್ಣನ್ನು ಬಳಸುತ್ತಾರೆ. ಪೋರ್ಚುಗಲ್ಲಿನ ನಿಜವಾದ ಪೋರ್ಟ್ ವೈನಿಗೂ ಇದಕ್ಕೂ ಹೆಸರಿನ ಹೊರತು ಹೆಚ್ಚಿನ ಸಂಬಂಧವಿಲ್ಲ.

ಮನೆಗಳಲ್ಲಿ ಮಾಡುವ ವೈನಿನ ಕಥೆ ಬೇರೆ. ಬೆಂಗಳೂರಿನ ಕ್ರೈಸ್ತ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಕ್ರಿಸ್‌ಮಸ್‌ಗೆ ಕೆಲವು ವಾರಗಳ ಮೊದಲೇ ಕಪ್ಪು ದ್ರಾಕ್ಷಿಯನ್ನು ಕಿವುಚಿ, ಸಕ್ಕರೆ, ಸ್ವಲ್ಪ ಗೋಧಿ, ಯೀಸ್ಟ್, ಲವಂಗ ಮತ್ತು ದಾಲ್ಚಿನ್ನಿ ಸೇರಿಸಿ ಪಿಂಗಾಣಿ ಜಾಡಿಯಲ್ಲಿಡುತ್ತಾರೆ. ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕಿ, ಸುಮಾರು 3 ವಾರಗಳ ಬಳಿಕ ಸೋಸಿ ತಿಳಿಯಾಗಲು ಬಿಡುತ್ತಾರೆ. 1882ರಲ್ಲಿ ಡಿ. ಎಸ್. ವೈಟ್ ಅವರ ನೇತೃತ್ವದಲ್ಲಿ ಆಂಗ್ಲೋ ಇಂಡಿಯನ್ನರ ಕೃಷಿ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್ ಇಂದು ತಂತ್ರಾಂಶ ಸಂಸ್ಥೆಗಳ ಪ್ರದೇಶ. ಈ ಸಮುದಾಯದ ಮನೆಗಳಲ್ಲಿ ಕ್ರಿಸ್‌ಮಸ್ ಕೇಕಿನ ಜೊತೆಗೆ ಬರುವ ಸಿಹಿ ವೈನಿನಲ್ಲಿ ಬೆಂಗಳೂರು ನೀಲಿಯ ಪರಿಮಳವನ್ನು ಸುಲಭವಾಗಿ ಗುರುತಿಸಬಹುದು.

1980ರ ದಶಕದ ಕೊನೆಯಲ್ಲಿ ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಪ್ರದೇಶದ ಜಾರ್ಜ್ ವೆಸೆಲ್ ಅವರ ನೆರವಿನಿಂದ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ, ಫ್ರೆಂಚ್ ತಳಿಗಳ ತೋಟವನ್ನು ಸ್ಥಾಪಿಸಿದರು. ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಮುಂದೆ ಸಲಹೆಗಾರರಾದರು. ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್, ವಿಯೋನ್ಯೆ, ಅಷ್ಟೇನೂ ಹೆಸರಿಲ್ಲದ ಕ್ಲೆರೆತ್ ಮುಂತಾದವು ಈ ಮಣ್ಣಿನಲ್ಲಿ ಬೇರೂರಿದವು. ಹೀಗೆ, ಫ್ರಾನ್ಸ್ ಹೊರಗಟ್ಟಿದ ತಳಿ ಮತ್ತು ಫ್ರಾನ್ಸ್ ತಲೆಯ ಮೇಲೆ ಹೊತ್ತ ತಳಿ ಎರಡೂ ಒಂದೇ ಸೀಮೆಯಲ್ಲಿ ಬೆಳೆಯತೊಡಗಿದವು. ಅವುಗಳ ಬೆಳೆಗಾರರೂ ಗಿರಾಕಿಗಳೂ ಮಾತ್ರ ಬೇರೆಬೇರೆ. ಫ್ರೆಂಚ್ ತಳಿಗಳನ್ನು ವೈನ್ ಸಂಸ್ಥೆಗಳು ಸ್ವಂತ ತೋಟಗಳಲ್ಲಿ ಅಥವಾ ಒಪ್ಪಂದದ ಮೇಲೆ ಬೆಳೆಸುತ್ತವೆ, ವೈನ್ ಸಂಸ್ಥೆ ಕೊಳ್ಳದಿದ್ದರೆ ಆ ಹಣ್ಣಿಗೆ ಸಂತೆಯಲ್ಲಿ ಬೆಲೆಯಿಲ್ಲ. ಬೆಂಗಳೂರು ನೀಲಿಗೆ ವೈನ್ ಸಂಸ್ಥೆ ಕೈಬಿಟ್ಟರೂ ತಳ್ಳುಗಾಡಿಯಿದೆ, ಜ್ಯೂಸ್ ಅಂಗಡಿಯಿದೆ. ಸಣ್ಣ ಹಿಡುವಳಿದಾರರು ಇದನ್ನು ಬಿಡದೆ ಬೆಳೆದುಕೊಂಡು ಬಂದದ್ದಕ್ಕೆ ರೋಗನಿರೋಧಕ ಶಕ್ತಿಯಷ್ಟೇ ಈ ಸೌಲಭ್ಯವೂ ಕಾರಣವೆನ್ನಬೇಕು.

ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ ವೈನ್ ಮಂಡಳಿಯನ್ನು ರಚಿಸಿತು. ಬೆಂಗಳೂರು ಸುತ್ತಲಿನ ಜಿಲ್ಲೆಗಳು ಈ ನೀತಿಯಲ್ಲಿ ನಂದಿ ಕಣಿವೆ ಎಂಬ ವಲಯಕ್ಕೆ ಸೇರಿವೆ.

ಇತರ ಉಪಯೋಗಗಳು

ಬೆಂಗಳೂರಿನ ಜ್ಯೂಸ್ ಅಂಗಡಿಗಳಲ್ಲಿ ಕೊಡುವ ಕಡುನೇರಳೆ ದ್ರಾಕ್ಷಿ ರಸ ಬಹುತೇಕ ಈ ತಳಿಯದು. ಬಣ್ಣವಿರುವುದು ಸಿಪ್ಪೆಯಲ್ಲಿ. ಆದ್ದರಿಂದ ಹಣ್ಣನ್ನು ಸಿಪ್ಪೆಸಹಿತ ಅರೆಯುತ್ತಾರೆ ಅಥವಾ ಹದವಾಗಿ ಬಿಸಿಮಾಡಿ ಬಣ್ಣ ಬಿಡಿಸುತ್ತಾರೆ. ಪೆಕ್ಟಿನ್ ಧಾರಾಳವಾಗಿರುವುದರಿಂದ ಜ್ಯಾಮ್ ಮತ್ತು ಜೆಲ್ಲಿ ಚೆನ್ನಾಗಿ ಗಟ್ಟಿಯಾಗುತ್ತವೆ. ವೈನಿಗೆ ದೋಷವೆನಿಸಿದ ಗುಣ ಇಲ್ಲಿ ಉಪಕಾರಿ. ಬೀಜವಿರುವುದರಿಂದಲೂ ಸಿಪ್ಪೆ ತಿರುಳಿಗೆ ಅಂಟದಿರುವುದರಿಂದಲೂ ಒಣದ್ರಾಕ್ಷಿ ಮಾಡಲು ಬಾರದು. ಹಣ್ಣು ಮೃದುವಾದ್ದರಿಂದ ದೂರದ ಸಾಗಣೆಗೆ ತಕ್ಕದ್ದಲ್ಲ, ಬೆಂಗಳೂರಿನ ಹೊರಗೆ ನೆರೆಯ ಕೇರಳ ಮತ್ತು ತಮಿಳುನಾಡು ಇದರ ಮುಖ್ಯ ಮಾರುಕಟ್ಟೆ. 2020ರ ಲಾಕ್‌ಡೌನ್ ಕಾಲದಲ್ಲಿ ಹೊರರಾಜ್ಯದ ವ್ಯಾಪಾರಿಗಳು ಬಾರದೆ ಚಿಕ್ಕಬಳ್ಳಾಪುರದ ಕಡೆಯ ಬೆಳೆಗಾರರ ಹಣ್ಣು ಬಳ್ಳಿಯಲ್ಲೇ ಉಳಿದಾಗ ಈ ಅವಲಂಬನೆ ಎಷ್ಟೆಂಬುದು ಗೊತ್ತಾಯಿತು.

ಸಂಶೋಧನೆ ಮತ್ತು ಸಂಕರ ತಳಿಗಳು

ಪೀಣ್ಯದಿಂದ ಆಚೆಗೆ, ನಗರದ ವಾಯವ್ಯ ದಿಕ್ಕಿನ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ. 1967ರಲ್ಲಿ ಆರಂಭವಾದ ಈ ಸಂಸ್ಥೆ ಬೆಂಗಳೂರು ನೀಲಿಯನ್ನು ತಾಯಿಬಳ್ಳಿಯಾಗಿ ಬಳಸಿ ಹಲವು ಸಂಕರ ತಳಿಗಳನ್ನು ಬಿಡುಗಡೆ ಮಾಡಿತು. ಬ್ಲ್ಯಾಕ್ ಚಂಪಾದೊಡನೆ ಸಂಕರಿಸಿ ಪಡೆದದ್ದು ಅರ್ಕಾ ಶ್ಯಾಮ್, ಅನಾಬ್-ಎ-ಶಾಹಿಯೊಡನೆ ಅರ್ಕಾ ಹಂಸ, ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್‌ನೊಡನೆ ಅರ್ಕಾ ತೃಷ್ಣಾ. ಲಬ್ರುಸ್ಕಾದ ಗಟ್ಟಿತನವನ್ನು ಉಳಿಸಿಕೊಂಡು ವಿನಿಫೆರಾದ ಸಿಹಿಯನ್ನು ಪಡೆಯುವುದು ಇಂಥ ಸಂಕರಗಳ ಆಶಯ. ಆದರೂ ರೈತರ ಚಪ್ಪರಗಳಲ್ಲಿ ಇವು ಮೂಲ ತಳಿಯ ಸ್ಥಾನವನ್ನು ಪಡೆಯಲಿಲ್ಲ. ಬೆಂಗಳೂರು ನೀಲಿಗೆ ನಿಜವಾಗಿ ಪೈಪೋಟಿ ಕೊಟ್ಟದ್ದು ಅನಾಬ್-ಎ-ಶಾಹಿಯಿಂದ ಆಯ್ದ ದಿಲ್‌ಖುಷ್ ಮತ್ತು ಬೀಜರಹಿತ ತಳಿಗಳು.

ಭೌಗೋಳಿಕ ಸೂಚಿಕೆ

ಒಂದು ಪ್ರದೇಶದ ಮಣ್ಣು, ಹವೆ ಮತ್ತು ರೂಢಿಗಳಿಂದ ವಿಶೇಷ ಗುಣ ಪಡೆದ ಸರಕಿನ ಹೆಸರನ್ನು ಇತರರು ಬಳಸದಂತೆ ಕಾಯುವುದಕ್ಕಾಗಿ ಭಾರತದಲ್ಲಿ 1999ರಲ್ಲಿ ಭೌಗೋಳಿಕ ಸೂಚಿಕೆಗಳ ಕಾಯ್ದೆ ರಚನೆಯಾಗಿ 2003ರಲ್ಲಿ ಜಾರಿಗೆ ಬಂತು. ಬೆಂಗಳೂರು ನೀಲಿ ದ್ರಾಕ್ಷಿ 2013ರಲ್ಲಿ ಈ ಪಟ್ಟಿಗೆ ಸೇರಿತು. ನೋಂದಣಿಯ ಅವಧಿ 10 ವರ್ಷ, ಬಳಿಕ ನವೀಕರಿಸಬಹುದು. ಪ್ರತಿಯೊಬ್ಬ ಬೆಳೆಗಾರನೂ ಅಧಿಕೃತ ಬಳಕೆದಾರನಾಗಿ ಹೆಸರು ದಾಖಲಿಸಿಕೊಳ್ಳಬೇಕು. ಅಮೆರಿಕದಲ್ಲಿ ಹುಟ್ಟಿದ ತಳಿಗೆ ಬೆಂಗಳೂರಿನ ಹಕ್ಕು ಹೇಗೆ ಎಂಬ ಪ್ರಶ್ನೆ ಏಳಬಹುದು. ಕಾಯ್ದೆ ನೋಡುವುದು ತಳಿಯ ಹುಟ್ಟೂರನ್ನಲ್ಲ, ಸರಕಿನ ಗುಣ ಅಥವಾ ಪ್ರಸಿದ್ಧಿ ಯಾವ ನೆಲದಿಂದ ಬಂತು ಎಂಬುದನ್ನು. ಕಾಯ್ದೆಯ ಮಿತಿಯೂ ಅಷ್ಟೇ ಸ್ಪಷ್ಟ: ಅದು ಹೆಸರನ್ನು ಕಾಯುತ್ತದೆ, ಹೆಸರಿಗೆ ಕಾರಣವಾದ ಜಮೀನನ್ನು ಕಾಯುವುದಿಲ್ಲ.

ನಗರದ ವಿಸ್ತರಣೆ ಮತ್ತು ಜಮೀನು

ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್ ಬಳಿ ತಂತ್ರಾಂಶ ಪಾರ್ಕ್ ತಲೆಯೆತ್ತಿತು. ನಗರದ ಬೆಳವಣಿಗೆ ದಕ್ಷಿಣಕ್ಕೂ ಪೂರ್ವಕ್ಕೂ ಸಾಗುತ್ತಿದ್ದ ಕಾಲದಲ್ಲಿ ದ್ರಾಕ್ಷಿಯ ಮುಖ್ಯ ನೆಲೆಯಾದ ಉತ್ತರ ದಿಕ್ಕು ಬಹುಮಟ್ಟಿಗೆ ಹಳ್ಳಿಯಾಗಿಯೇ ಉಳಿದಿತ್ತು. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ಸ್ಥಿತಿ ಬದಲಾಯಿತು. ಹೆದ್ದಾರಿಯ ಇಬ್ಬದಿಯ ಜಮೀನು ಬಡಾವಣೆ, ಗೋದಾಮು ಮತ್ತು ಕೈಗಾರಿಕಾ ಪ್ರದೇಶಗಳಾಯಿತು. ಭೌಗೋಳಿಕ ಸೂಚಿಕೆ ಪಡೆದ ಇನ್ನೊಂದು ಹಣ್ಣಾದ ದೇವನಹಳ್ಳಿ ಚಕ್ಕೋತವೂ ಇದೇ ತಾಲ್ಲೂಕಿನದು. ಒಂದು ಎಕರೆ ದ್ರಾಕ್ಷಿ ಎಷ್ಟೇ ಚೆನ್ನಾಗಿ ಫಲಿಸಿದರೂ ನಿವೇಶನವಾದ ಎಕರೆಯ ಬೆಲೆಗೆ ಸಮನಾಗಲಾರದು. ರೈತರ ಮಕ್ಕಳು ವಿಮಾನ ನಿಲ್ದಾಣ ಮತ್ತು ಕಾರ್ಖಾನೆಗಳಲ್ಲಿ ಕೆಲಸ ಹುಡುಕುವುದು ಸಹಜವಾಗಿ, ಸವರುವ ಕೈಗಳೂ ಕಡಿಮೆಯಾದವು.

ಎಲ್ಲ ರೈತರೂ ಜಮೀನು ಬಿಡಲು ಸಿದ್ಧರಿರಲಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳಲ್ಲಿ ವೈಮಾನಿಕ ಉದ್ಯಮಗಳಿಗಾಗಿ 1,777 ಎಕರೆಯನ್ನು ಸ್ವಾಧೀನಪಡಿಸಿಕೊಳ್ಳಲು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಮುಂದಾದಾಗ, ರಾಗಿ, ತರಕಾರಿ, ಹಿಪ್ಪುನೇರಳೆ ಮತ್ತು ದ್ರಾಕ್ಷಿ ಬೆಳೆಯುವ ಅಲ್ಲಿನ ರೈತರು 2022ರಿಂದ ಮೂರು ವರ್ಷಗಳಿಗೂ ಹೆಚ್ಚು ಕಾಲ ಧರಣಿ ನಡೆಸಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಜಮೀನು ಕೊಡಲು ಮುಂದೆ ಬರುವವರಿಂದ ಮಾತ್ರ ಪಡೆಯುವುದಾಗಿಯೂ ಅವರು ತಿಳಿಸಿದರು.